ನೆಂಟರು ಬಂದರೆ ಸೋಫಾ ಹತ್ತುವ ಹುಡುಗ: ಒಂದು ಗೊಂಬೆ ಹಬ್ಬದ ಮನೆಯ ಪ್ರಕರಣ

ಈ ಪ್ರಕರಣ ಮೈಸೂರಿನ ಒಂದು ಮನೆಯದು. ಅಪ್ಪ, ಅಮ್ಮ, ಅಪ್ಪನ ತಾಯಿ, ಮತ್ತೆ ನಾಲ್ಕೂವರೆ ವರ್ಷದ ಒಬ್ಬ ಹುಡುಗ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಹುಡುಗ ನಾನು ನಡೆಸುವ ಶಿಶುವಿಹಾರದಲ್ಲಿ ಎಲ್‌ಕೆಜಿ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಹುಡುಗನನ್ನು ಇಲ್ಲಿ ಪುಟ್ಟ ಅನ್ನೋಣ.

ಗೌರಿ ಹಬ್ಬ ಮುಗಿದ ಮೇಲೆ ಅಮ್ಮ ನನ್ನ ಹತ್ತಿರ ಬಂದರು. ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಬಂದವರ ಮುಂದೆ ಪುಟ್ಟ ಮಾಡಿದ ರಾದ್ಧಾಂತ ಅವರ ತಲೆಯಿಂದ ಹೋಗಿರಲಿಲ್ಲ. ಬೆಲ್ ಆದ ಸ್ವಲ್ಪ ಹೊತ್ತಿಗೆ ಸೋಫಾ ಹತ್ತಿ ಕುಣಿದ. ಬಂದವರ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿ 'ನಂಗೇನ್ ತಂದಿದೀರಾ?' ಅಂದ. ಹೆಸರು ಕೇಳಿದರೆ 'ಹಂದಿ' ಅಂದ. ಅಮ್ಮ ಮಾತಿಗೆ ಕೂತರೆ ಸೆರಗು ಎಳೆದ. ಅವರು ತಿರುಗದಿದ್ದಾಗ ಕಿವಿಯ ಹತ್ತಿರವೇ ಬಾಯಿಟ್ಟು ಕಿರುಚಿದ. ಅಪ್ಪನ ಮೊಬೈಲ್ ಕೈಗೆ ಬಂದ ಮೇಲೇ ಮನೆ ತಣ್ಣಗಾಯಿತು.

'ನವರಾತ್ರಿ ಬಂತು ಮೇಡಂ. ನಮ್ಮನೇಲಿ ಗೊಂಬೆ ಕೂರಿಸ್ತೀವಿ. ದಿನಾ ಸಂಜೆ ಜನ ಬರ್ತಾರೆ. ಇವನನ್ನ ಹೇಗೆ ಸಂಭಾಳಿಸ್ಲಿ?' ಅಂದರು ಅಮ್ಮ. ಅಜ್ಜಿ ಮನೆಯಲ್ಲಿ ಆಗಲೇ ತೀರ್ಪು ಕೊಟ್ಟಾಗಿತ್ತು. ಮುದ್ದು ಜಾಸ್ತಿ ಆಯ್ತು, ಎರಡು ಬಿಟ್ಟರೆ ಸರಿ ಹೋಗ್ತಾನೆ.

ನನಗೆ ಮೊದಲು ಹೊಳೆದದ್ದು ಬೇರೆ. ಪುಟ್ಟ ನಮ್ಮಲ್ಲಿ ಹೀಗಿಲ್ಲ. ನಮ್ಮಲ್ಲಿಗೂ ಹೊರಗಿನವರು ಬರುತ್ತಾರೆ, ಅಡ್ಮಿಷನ್ ಕೇಳುವವರು, ಮಕ್ಕಳ ತಾತಂದಿರು. 'ಬಾಗಿಲ ಕೆಲಸ' ತನ್ನದಾದ ವಾರ ಪುಟ್ಟ ಎದ್ದು ಹೋಗಿ ಕುರ್ಚಿ ತೋರಿಸುತ್ತಾನೆ, ವಾಪಸ್ ಬಂದು ಮಣ್ಣಿನ ಉಂಡೆ ಕಟ್ಟುತ್ತಾನೆ. ಅಂದರೆ ಬಂದವರ ಜೊತೆ ಹೇಗಿರಬೇಕು ಅಂತ ಹುಡುಗನಿಗೆ ಗೊತ್ತು. ಮನೆಯಲ್ಲಿ ಏನೋ ಬೇರೆ ನಡೆಯುತ್ತಿದೆ. ಎಲ್ಲ ಕಡೆಯೂ, ಎಲ್ಲರ ಜೊತೆಯೂ ಹೀಗೇ ಇದ್ದಿದ್ದರೆ, ಮಾತು ತಡವಾಗಿದ್ದರೆ, ಕರೆದರೆ ತಿರುಗದಿದ್ದರೆ ನಾನು ಸೀದಾ ಮಕ್ಕಳ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಇಲ್ಲಿ ಅದರ ಅಗತ್ಯ ಕಾಣಲಿಲ್ಲ.

ಮೂರು ಕಾಲಂನ ನೋಟ್‌ಬುಕ್

ಅಮ್ಮನಿಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ಪುಟದಲ್ಲಿ ಮೂರು ಕಾಲಂ. ಮುಂಚೆ ಏನಾಗಿತ್ತು, ಪುಟ್ಟ ಏನು ಮಾಡಿದ, ಆಮೇಲೆ ದೊಡ್ಡವರು ಏನು ಮಾಡಿದರು. ಮಕ್ಕಳ ವರ್ತನೆ ನೋಡುವವರೆಲ್ಲ ಬಳಸುವ ಹಳೇ ಉಪಾಯ ಇದು. ಎರಡನೇ ಕಾಲಂ ತುಂಬಿಸೋದು ಎಲ್ಲರಿಗೂ ಸುಲಭ. ಉತ್ತರ ಇರೋದು ಮಾತ್ರ ಮೊದಲನೆಯದರಲ್ಲಿ ಮತ್ತೆ ಮೂರನೆಯದರಲ್ಲಿ.

ಅಮ್ಮ ಬರೆದ ಒಂದು ಸಾಲು ಹೀಗಿತ್ತು: 'ಶನಿವಾರ, 6.45. ಪಕ್ಕದ ಮನೆಯವರು ಬಂದರು. ನಾನು ಕಾಫಿ ಮಾಡಲು ಹೋದೆ. / ಸೋಫಾ ಮೇಲೆ ಹಾರಿದ. / ಅತ್ತೆ ಬೀಳ್ತೀಯ ಕಣೋ ಅಂದರು. ಇವರು ಗದರಿದರು. ಪಕ್ಕದ ಮನೆಯವರು ನಕ್ಕರು. ನಾನು ಅಡಿಗೆಮನೆಯಿಂದ ಓಡಿ ಬಂದೆ.'

ಇದನ್ನು ಪುಟ್ಟನ ಕಡೆಯಿಂದ ಓದಿ ನೋಡಿ. ಒಂದು ಹಾರಿಗೆ ನಾಲ್ಕು ಜನ ದೊಡ್ಡವರು ತಿರುಗಿದರು. ಅದಕ್ಕೂ ಮುಂಚೆ ಅವನು ಬಾಗಿಲ ಪಕ್ಕ ನಿಂತಿದ್ದ, ಯಾರೂ ಅವನ ಕಡೆ ನೋಡಿರಲಿಲ್ಲ. ಗದರೋದನ್ನ ನಾವು ಶಿಕ್ಷೆ ಅಂದುಕೊಳ್ಳುತ್ತೇವೆ. ಯಾರೂ ಮಾತಾಡಿಸದೆ ನಿಂತ ಮಗುವಿಗೆ ಅದೂ ಮಾತಾಡಿಸಿದ ಹಾಗೇ.

ಪುಟ ತುಂಬುತ್ತಾ ಹೋದ ಹಾಗೆ ಇನ್ನಷ್ಟು ಕಂಡಿತು. ಬಾಗಿಲು ತೆಗೆದ ಗಳಿಗೆಯಲ್ಲಿ ಪುಟ್ಟ ಸರಿಯಾಗೇ ಇರುತ್ತಿದ್ದ. ಗಲಾಟೆ ಶುರುವಾಗುತ್ತಿದ್ದದ್ದು ಅಮ್ಮ ಅಡಿಗೆಮನೆಗೆ ಹೋದಾಗ, ಇಲ್ಲವೇ ಮಾತಿಗೆ ಕೂತಾಗ. ಮಧ್ಯಾಹ್ನ ಮಲಗದ ದಿನ ಎರಡು ಪಟ್ಟು. ಕೊನೆಗೆ ಪ್ರತಿ ಸಲವೂ ಮೊಬೈಲ್. ನಾವು ಅದನ್ನ 'ಸುಮ್ನಿರ್ಲಿ ಅಂತ ಕೊಟ್ಟಿದ್ದು' ಅನ್ನುತ್ತೇವೆ. ಅವನ ಲೆಕ್ಕದಲ್ಲಿ ಅದು ಜೋರಾಗಿ ಕಿರುಚಿದ್ದಕ್ಕೆ ಬಂದ ಬಹುಮಾನ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು ನಾಲ್ಕು ವರ್ಷದ ಮಕ್ಕಳಿಗೆ ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ದಾಟಬಾರದು, ಹಗಲು ನಿದ್ದೆ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಹಬ್ಬದ ಮನೆಯಲ್ಲಿ ಎರಡೂ ಒಟ್ಟಿಗೇ ತಪ್ಪುತ್ತವೆ.

ಇನ್ನೊಂದು ವಿಷಯ ನೋಟ್‌ಬುಕ್‌ನಲ್ಲಿ ಇರಲಿಲ್ಲ, ನಾನೇ ಒಂದು ಸಂಜೆ ಹೋಗಿ ಕೂತಾಗ ಕೇಳಿಸಿತು. ಬಂದವರ ಜೊತೆ ದೊಡ್ಡವರು ಆಡುತ್ತಿದ್ದ ಮಾತಲ್ಲಿ ಅರ್ಧ ಪುಟ್ಟನದೇ. 'ಅಯ್ಯೋ ಇವನ ಕಾಟ ಕೇಳ್ಬೇಡಿ', 'ಮೊನ್ನೆ ಏನ್ ಮಾಡ್ದ ಗೊತ್ತಾ?' ಪುಟ್ಟ ಪರದೆ ಹಿಂದೆ ನಿಂತು ತನ್ನ ಪ್ರತಾಪವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಮುಖದಲ್ಲಿ ಸಣ್ಣ ನಗು. ಹೊಗಳಿ ಹಾಡಿದ್ದರೂ ಅಷ್ಟು ಖುಷಿ ಆಗುತ್ತಿರಲಿಲ್ಲವೇನೋ.

ಅಜ್ಜಿ ಅಷ್ಟರಲ್ಲಿ ಮತ್ತೊಂದು ಕಾರಣ ಹೇಳಿದರು. 'ಸಿಹಿ ಜಾಸ್ತಿ ತಿಂದ್ರೆ ಹೀಗೇ ಆಡ್ತಾನಮ್ಮ ಇವ್ನು.' ಇದು ಅಜ್ಜಿಯರ ಮಾತು ಮಾತ್ರ ಅಲ್ಲ, ಅಮೆರಿಕದಲ್ಲೂ ಜನ ಹೀಗೇ ನಂಬಿದ್ದಾರೆ. ಅಲ್ಲಿ 1994ರಲ್ಲಿ ಒಂದು ಚಂದದ ಅಧ್ಯಯನ ಬಂತು. ಐದರಿಂದ ಏಳು ವರ್ಷದ ಗಂಡುಮಕ್ಕಳಿಗೆ ಸಕ್ಕರೆಯೇ ಇಲ್ಲದ ಪಾನೀಯ ಕೊಟ್ಟರು. ಅರ್ಧ ತಾಯಂದಿರಿಗೆ ಮಾತ್ರ 'ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೀವಿ' ಅಂತ ಹೇಳಿದರು. ಆ ತಾಯಂದಿರ ಕಣ್ಣಿಗೆ ಮಕ್ಕಳು ಹೆಚ್ಚು ಚೇಷ್ಟೆ ಮಾಡಿದಂತೆ ಕಂಡರು. ಅವರು ಮಕ್ಕಳ ಪಕ್ಕ ಬಿಡದೆ ಕಾದರು, ಹೆಚ್ಚು ತಪ್ಪು ಹುಡುಕುವ ಕಡೆಗೂ ವಾಲಿದರು. ಮರುವರ್ಷ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗಲೂ ಸಕ್ಕರೆಯಿಂದ ಮಕ್ಕಳ ವರ್ತನೆ ಕೆಡುತ್ತದೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಹಲ್ಲಿನ ದೃಷ್ಟಿಯಿಂದ ಸಿಹಿ ಕಡಿಮೆ ಮಾಡಿ, ಒಳ್ಳೆಯದೇ. ಸೋಫಾ ಮೇಲೆ ಕುಣಿಯೋದಕ್ಕೆ ಮೈಸೂರ್ ಪಾಕನ್ನು ಬೈಯೋದು ಬೇಡ ಅಂದೆ. ಅಜ್ಜಿ ಒಪ್ಪಿದ ಹಾಗೇನೂ ಕಾಣಲಿಲ್ಲ.

ಹಬ್ಬಕ್ಕೆ ಮುಂಚಿನ ತಯಾರಿ

ಗೊಂಬೆ ಹಬ್ಬದಲ್ಲಿ ಒಂದು ಅನುಕೂಲ ಇದೆ. ನೆಂಟರು ವರ್ಷಕ್ಕೊಮ್ಮೆ ಬಂದು ಹೋಗುವವರಲ್ಲ. ದಿನಾ ಸಂಜೆ ಬರುತ್ತಾರೆ, ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಅದೇ ಕೆಲಸಕ್ಕೆ: ಗೊಂಬೆ ನೋಡೋದು, ಆರತಿ, ಕುಂಕುಮ, ಉಸ್ಲಿ, ಹೊರಡೋದು. ಇವತ್ತು ಕೆಟ್ಟರೆ ನಾಳೆ ಸರಿ ಮಾಡಬಹುದು. ಚಿಕ್ಕ ಮಕ್ಕಳು ಕಲಿಯೋದು ಹೀಗೇ. ಆಸೆ ಬಂದ ತಕ್ಷಣ ಕೈ ಚಾಚದೆ ತಡೆದುಕೊಳ್ಳುವ ಶಕ್ತಿ ಮಿದುಳಿನ ಮುಂಭಾಗದ ಕೆಲಸ. ಆ ಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ನಾಲ್ಕೂವರೆ ವರ್ಷದವನಿಗೆ ಬೆಳಿಗ್ಗೆ 'ಇವತ್ತು ಜಾಣ ಆಗಿರ್ಬೇಕು' ಅಂತ ಹೇಳಿ ಸಂಜೆ ನಿರೀಕ್ಷಿಸಿದರೆ ಸಿಗೋದಿಲ್ಲ. ಅಷ್ಟಕ್ಕೂ 'ಜಾಣ' ಅಂದರೆ ಏನು ಮಾಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಆಟ ಆಡಿದರು. ನಾನು ಇದ್ದ ದಿನವೇ ಮೊದಲ ಆಟ. ಅಪ್ಪ ಅಜ್ಜಿಯ ಶಾಲು ಹೊದ್ದು ಹೊರಗೆ ಹೋಗಿ ಬೆಲ್ ಒತ್ತಿದರು. ಪುಟ್ಟ ಬಾಗಿಲು ತೆಗೆದು, ಅಪ್ಪನ ವೇಷ ನೋಡಿ ಬಿದ್ದು ಬಿದ್ದು ನಕ್ಕ. ಅಪ್ಪ ಗಂಭೀರವಾಗಿ, 'ಗೊಂಬೆ ಕೂರಿಸಿದೀರೇನಪ್ಪ?' ಅಂದರು. ಅಮ್ಮ ಪಕ್ಕದಿಂದ ಮೆಲ್ಲಗೆ ಹೇಳಿಕೊಟ್ಟರು. ಮೊದಲು ಕೈ ಮುಗಿಯೋದು. ಆಮೇಲೆ 'ಬನ್ನಿ, ಒಳಗೆ ಬನ್ನಿ'. ಆಮೇಲೆ ಚಪ್ಪಲಿ ಎಲ್ಲಿ ಬಿಡಬೇಕು ಅಂತ ತೋರಿಸೋದು. ಅಷ್ಟೇ, ಮೂರು ಕೆಲಸ. ಮತ್ತೆ ಬೆಲ್, ಮತ್ತೆ ನಗು. ಆಮೇಲೆ ಪಾತ್ರ ಬದಲಾಯಿತು. ಪುಟ್ಟ ನೆಂಟ, ಅಪ್ಪ ಪುಟ್ಟ. ಅಪ್ಪ ಸೋಫಾ ಹತ್ತಿ ಧಡಧಡ ಕುಣಿದರು. ಪುಟ್ಟ ಶಾಲು ಎಳೆದುಕೊಂಡು, ಸೊಂಟದ ಮೇಲೆ ಕೈ ಇಟ್ಟು, 'ನೆಂಟ್ರು ಬಂದಿದೀವಿ, ಕಾಣ್ಸಲ್ವಾ? ಇಳಿ ಕೆಳಗೆ' ಅಂದ. ಅಜ್ಜಿಯ ದನಿ ಇದ್ದ ಹಾಗೇ ಇತ್ತು. ಅಜ್ಜಿಗೂ ನಗು ತಡೆಯಲಾಗಲಿಲ್ಲ.

ಎರಡನೆಯದು ಕೈ ಗುರುತು. ಅಮ್ಮ ಯಾರ ಜೊತೆಗಾದರೂ ಮಾತಾಡುತ್ತಿರುವಾಗ ಪುಟ್ಟನಿಗೆ ಏನಾದರೂ ಬೇಕಾದರೆ ಸೆರಗು ಎಳೆಯೋದಲ್ಲ, ಅಮ್ಮನ ಮುಂಗೈ ಮೇಲೆ ಕೈ ಇಡೋದು. ಅಮ್ಮ ತಕ್ಷಣ ಅವನ ಕೈ ಮೇಲೆ ತನ್ನ ಇನ್ನೊಂದು ಕೈ ಇಡಬೇಕು. 'ಗೊತ್ತಾಯ್ತು, ಬಂದೆ' ಅಂತ ಅದರ ಅರ್ಥ. ಮಾತು ಮುಗಿದ ಕೂಡಲೇ ತಿರುಗಿ ಕೇಳಬೇಕು. ಶುರುವಿಗೆ ಮನಸ್ಸಲ್ಲೇ ಹತ್ತು ಎಣಿಸುವಷ್ಟು ಹೊತ್ತು ಮಾತ್ರ ಕಾಯಿಸಿದರು, ದಿನ ಹೋದ ಹಾಗೆ ಒಂದು ನಿಮಿಷಕ್ಕೆ ತಂದರು. ಮೊದಲ ದಿನವೇ ಐದು ನಿಮಿಷ ಕಾಯಿಸಿದ್ದರೆ ಕೈ ಬಿಟ್ಟು ಮತ್ತೆ ಸೆರಗಿಗೇ ಹೋಗುತ್ತಿದ್ದ.

ಮೂರನೆಯದು ಅವನಿಗೆ ಒಂದು ಜಾಗ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ರಾಜ ರಾಣಿ, ಅಜ್ಜಿಗೆ ಮದುವೆಯಲ್ಲಿ ತವರಿನಿಂದ ಬಂದದ್ದು. ಕೆಳಗೆ ದಶಾವತಾರ, ಶೆಟ್ಟರ ಅಂಗಡಿ. ಹಿಂದಿನ ವರ್ಷ ಎಲ್ಲದಕ್ಕೂ 'ಮುಟ್ಬೇಡ' ಅಂದೂ ಅಂದೂ ಮನೆಯವರಿಗೇ ಸುಸ್ತಾಗಿತ್ತು. ಈ ಸಲ ಮೆಟ್ಟಿಲ ಮುಂದಿನ ನೆಲವನ್ನು ಪುಟ್ಟನಿಗೆ ಬಿಟ್ಟುಕೊಟ್ಟರು. ಅಲ್ಲಿ ಅವನ ಝೂ. ಮಹಾಲಯ ಅಮಾವಾಸ್ಯೆಗೆ ಕೆಲವು ದಿನ ಮುಂಚೆ ಅಜ್ಜಿಯ ಜೊತೆ ಕೂತು ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದ, ನೀರು ಚಿಮುಕಿಸಿದ. ಪಾಡ್ಯದ ಹೊತ್ತಿಗೆ ಹಸಿರು ಎದ್ದಿತ್ತು. ಅದರ ಮಧ್ಯೆ ಅವನ ಪ್ಲಾಸ್ಟಿಕ್ ಆನೆ, ಜಿರಾಫೆ, ಒಂದು ಕಾಲು ಮುರಿದ ಹುಲಿ. ನಿಯಮ ಒಂದೇ: 'ಮೇಲಿರೋದು ನೋಡೋಕೆ, ಕೆಳಗಿರೋದು ಆಡೋಕೆ.' ಏನು ಮಾಡಬಾರದು ಅಂತ ಹೇಳೋದಕ್ಕಿಂತ ಏನು ಮಾಡಬಹುದು ಅಂತ ಹೇಳಿದರೆ ಮಕ್ಕಳ ಕಿವಿಗೆ ಬೇಗ ಹೋಗುತ್ತದೆ.

ದೊಡ್ಡವರಿಗೂ ಕೆಲಸ ಇತ್ತು, ಪುಟ್ಟನಿಗಿಂತ ಜಾಸ್ತಿ. ಅವನ ಮುಂದೆ ಅವನ ಪುಂಡಾಟದ ಕಥೆ ಹೇಳಬಾರದು. 'ರೈಮ್ಸ್ ಹೇಳು, ಆಂಟಿಗೆ ಡ್ಯಾನ್ಸ್ ತೋರ್ಸು' ಅನ್ನಬಾರದು. ಬಂದವರು ಎತ್ತಿಕೊಳ್ಳಲು, ಕೆನ್ನೆ ಹಿಂಡಲು ಬಂದರೆ, ಅವನಿಗೆ ಇಷ್ಟವಿಲ್ಲದಿದ್ದರೆ ಕೈ ಮುಗಿದರೆ ಸಾಕು. 'ನಿನಗೆ ಇಷ್ಟ ಇಲ್ಲದ ಹಾಗೆ ಯಾರೂ ಮುಟ್ಟಬಾರದು' ಅಂತ ಶಾಲೆಯಲ್ಲಿ ನಾವು ಕಲಿಸುತ್ತೇವೆ. ಸಂಜೆ ಮನೆಯಲ್ಲಿ 'ಮಾಮನ ತೊಡೆ ಮೇಲೆ ಕೂತ್ಕೋ, ಬೇಜಾರ್ ಮಾಡ್ಕೋತಾರೆ' ಅಂದರೆ ಮಗು ಯಾವುದನ್ನ ನಂಬಬೇಕು? ಅಜ್ಜಿಗೆ ಇದು ಕಷ್ಟವಾಯಿತು. ಆದರೆ ಬಂದವರಿಗೆ 'ಅವನು ಕೈ ಮುಗೀತಾನೆ ನೋಡಿ' ಅಂತ ತಾವೇ ಹೇಳುವ ದಾರಿ ಕಂಡುಕೊಂಡರು. ಅದು ನನಗೆ ಹೊಳೆದಿರದ ಉಪಾಯ.

ಇನ್ನು ಅಪ್ಪ. ಈ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ನೆಂಟರು ಬಂದಾಗ ಗಂಡಸರು ಹಾಲ್‌ನಲ್ಲಿ ಕೂರುತ್ತಾರೆ. ಹೆಂಗಸರೇ ಕಾಫಿ ಮಾಡಬೇಕು, ತಿಂಡಿ ಕೊಡಬೇಕು, ಮಾತಾಡಿಸಬೇಕು, ಕುಂಕುಮ ಕೊಡಬೇಕು, ಮಗುವನ್ನೂ ನೋಡಿಕೊಳ್ಳಬೇಕು. ಮಗು ಗಲಾಟೆ ಮಾಡಿದರೆ ಹಾಲ್‌ನಿಂದ 'ಸ್ವಲ್ಪ ನೋಡ್ಬಾರ್ದಾ ಅವನನ್ನ' ಅಂತ ಕೂಗು ಬೇರೆ. ಈ ಮನೆಯಲ್ಲೂ ಹಾಗೇ ಇತ್ತು. ಸಂಜೆ ಆರರಿಂದ ಎಂಟರವರೆಗೆ ಪುಟ್ಟ ಅಪ್ಪನ ಜವಾಬ್ದಾರಿ ಅಂತ ನಿಗದಿ ಮಾಡಿದೆವು. ಉಳಿದ ಉಪಾಯಗಳೆಲ್ಲ ಸೇರಿ ಎಷ್ಟು ಕೆಲಸ ಮಾಡಿದವೋ, ಇದೊಂದೇ ಅಷ್ಟು ಮಾಡಿತು ಅಂತ ನನ್ನ ಅಂದಾಜು.

ಹಬ್ಬದ ಸಂಜೆಗಳು

ಪಾಡ್ಯದ ಸಂಜೆ ಚೆನ್ನಾಗೇ ಹೋಯಿತು. ಐದೂವರೆಗೇ ಹೊಟ್ಟೆ ತುಂಬಾ ಮೊಸರನ್ನ ತಿನ್ನಿಸಿದ್ದರು. ಪುಟ್ಟ ಬಾಗಿಲು ತೆಗೆದ, ಕೈ ಮುಗಿದ, ಬಂದವರನ್ನೆಲ್ಲ ಝೂ ಹತ್ತಿರ ಕರೆದುಕೊಂಡು ಹೋಗಿ, 'ಈ ಹುಲಿಗೆ ಕಾಲು ನೋವು' ಅಂದ. ರೈಮ್ಸ್ ಹೇಳು ಅಂದರೆ ಬಾಯಿ ಹೊಲಿದುಕೊಳ್ಳುತ್ತಿದ್ದ ಹುಡುಗ ಝೂ ಬಗ್ಗೆ ಮಾತು ನಿಲ್ಲಿಸಲಿಲ್ಲ. ಒಬ್ಬರು ಅಜ್ಜ ಕೆಳಗೆ ಕೂತು, 'ಹುಲಿಗೆ ಔಷಧಿ ಕೊಟ್ಯಾ?' ಅಂತ ಕೇಳಿದರಂತೆ. ಮಕ್ಕಳ ಜೊತೆ ಹೇಗೆ ಮಾತಾಡಬೇಕು ಅಂತ ಗೊತ್ತಿರುವವರು ಹಾಗೇ ಕೇಳೋದು. ಮಕ್ಕಳಿಗೆ ಗೊಂಬೆ ಬಾಗಿನ ಹಂಚುವ ಕೆಲಸವೂ ಅವನದೇ. ದೊನ್ನೆಯಲ್ಲಿ ಕಡಲೆಕಾಳಿನ ಉಸ್ಲಿ, ಒಂದೊಂದಾಗಿ.

ಎರಡು ಮೂರು ದಿನ ಕಳೆದ ಮೇಲೆ ಅಮ್ಮನಿಂದ ಫೋನ್. 'ಮೊದಲಿಗಿಂತ ಜೋರಾಗಿದಾನೆ ಮೇಡಂ.' ಆಗಿದ್ದು ಇಷ್ಟು. ಝೂ ಹಳೆಯದಾಗಿತ್ತು. ಪುಟ್ಟ ಸೋಫಾ ಹತ್ತಿದ. ಸೋಫಾ ಹತ್ತಿದರೆ ಯಾರೂ ತಿರುಗಿ ನೋಡಬಾರದು ಅಂತ ದೊಡ್ಡವರಲ್ಲಿ ಮೊದಲೇ ಒಪ್ಪಂದ ಆಗಿತ್ತು, ಅದರಂತೆ ಯಾರೂ ತಿರುಗಲಿಲ್ಲ. ಅವನು ಇನ್ನೂ ಎತ್ತರಕ್ಕೆ ಹಾರಿದ, ಕಿರುಚಿದ, ದಿಂಬು ಎಸೆದ. ಇದು ಬಂದೇ ಬರುತ್ತದೆ ಅಂತ ಮೊದಲೇ ಹೇಳಿದ್ದೆ, ಆದರೆ ನೆಂಟರ ಎದುರಿಗೆ ಬಂದಾಗ ನೆನಪಾಗಬೇಕಲ್ವಾ? ಇಷ್ಟು ದಿನ ಕೆಲಸ ಮಾಡಿದ ಉಪಾಯ ಇದ್ದಕ್ಕಿದ್ದಂತೆ ಕೆಲಸ ಮಾಡದಿದ್ದರೆ ಯಾರಾದರೂ ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತಾರೆ. ಲಿಫ್ಟ್ ಬರದಿದ್ದಾಗ ನಾವೂ ಬಟನ್ ಅನ್ನು ಮೇಲಿಂದ ಮೇಲೆ ಒತ್ತುತ್ತೇವೆ. ಅಲ್ಲಿ ದೊಡ್ಡವರು ಸೋತರೆ ಮಗು ಕಲಿಯೋದು ಒಂದೇ: ಇನ್ಮೇಲೆ ಇಷ್ಟು ಜೋರು ಮಾಡ್ಬೇಕು.

ಆ ದಿನ ಅಪ್ಪ ಸೋಲಲಿಲ್ಲ. ಬೈಯಲಿಲ್ಲ, ಮೊಬೈಲ್ ಕೊಡಲಿಲ್ಲ. ಬೀಳದ ಹಾಗೆ ಸೊಂಟ ಹಿಡಿದು ಇಳಿಸಿ, 'ಸೋಫಾ ಕೂರೋಕೆ. ಹಾರ್ಬೇಕಾದ್ರೆ ರೂಮಿನ ಹಾಸಿಗೆ ಇದೆ, ಬಾ' ಅಂತ ಒಳಗೆ ಕರೆದುಕೊಂಡು ಹೋದರು. ಆದರೆ ದೊಡ್ಡಮ್ಮ ಒಬ್ಬರು ಹಿಂದೆಯೇ ಹೋಗಿ, 'ಎಷ್ಟು ಚೂಟಿ ಇದಾನೆ!' ಅಂತ ಚಾಕ್ಲೇಟ್ ಕೊಟ್ಟುಬಿಟ್ಟರು. ಒಂದೇ ಸಲ ತಾನೇ, ಏನಾಗುತ್ತೆ ಅನ್ನಿಸಬಹುದು. ಯಾವಾಗಲೋ ಒಮ್ಮೆ ಸಿಗುವ ಬಹುಮಾನವೇ ಅಭ್ಯಾಸವನ್ನು ಗಟ್ಟಿ ಹಿಡಿದಿಡುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಮರುದಿನ ಸೋಫಾ ಮತ್ತೆ. ಅದರ ಮರುದಿನ ಕಡಿಮೆ. ಆಮೇಲೆ ಹಾರಬೇಕು ಅನ್ನಿಸಿದಾಗ ತಾನೇ ರೂಮಿನ ಕಡೆ ನೋಡತೊಡಗಿದ.

ಈ ನಡುವೆ ಅಮ್ಮ ಯಾವುದೋ ವಿಡಿಯೋ ನೋಡಿ ಗೋಡೆಗೆ ಸ್ಟಿಕ್ಕರ್ ಚಾರ್ಟ್ ಅಂಟಿಸಿದ್ದರು. ಕೈ ಮುಗಿದರೆ ಒಂದು ಸ್ಟಾರ್, ನೀರು ಕೊಟ್ಟರೆ ಒಂದು ಸ್ಟಾರ್. ಪುಟ್ಟ ಎರಡೇ ದಿನದಲ್ಲಿ ವ್ಯಾಪಾರಕ್ಕಿಳಿದ. 'ಸ್ಟಾರ್ ಕೊಟ್ರೆ ಉಸ್ಲಿ ಕೊಡ್ತೀನಿ.' ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ನರ್ಸರಿಯಲ್ಲಿ ಮಾಡಿದ, 1973ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ಹೇಳುತ್ತದೆ. ಚಿತ್ರ ಬಿಡಿಸೋದು ಇಷ್ಟ ಇದ್ದ ಮಕ್ಕಳಿಗೆ 'ಬಿಡಿಸಿದ್ರೆ ಬಹುಮಾನ' ಅಂತ ಮೊದಲೇ ಹೇಳಿ ಕೊಟ್ಟರು. ಆಮೇಲೆ ಆ ಮಕ್ಕಳು ತಮ್ಮಷ್ಟಕ್ಕೆ ತಾವು ಬಿಡಿಸೋದು ಕಡಿಮೆಯಾಯಿತು. ಉಸ್ಲಿ ಹಂಚೋದು ಪುಟ್ಟನಿಗೆ ಇಷ್ಟವಾದ ಕೆಲಸ. ಅದಕ್ಕೆ ಬೆಲೆ ಕಟ್ಟೋದು ಯಾಕೆ? ಚಾರ್ಟ್ ಕಿತ್ತು ಹಾಕಿದರು. ಬದಲಿಗೆ ನೆಂಟರು ಹೋದ ಮೇಲೆ ಅಮ್ಮ ಕಂಡದ್ದನ್ನೇ ಹೇಳುತ್ತಿದ್ದರು: 'ಆ ಚಿಕ್ಕ ಪಾಪುಗೆ ದೊನ್ನೆ ಹಿಡ್ಕೊಳಕ್ಕೆ ಬರ್ತಿರ್ಲಿಲ್ಲ, ನೀನೇ ಹಿಡಿದು ಕೊಟ್ಟೆ.'

ಸರಸ್ವತಿ ಪೂಜೆ ದಿನ ಬೇರೆ ತರಹದ ತಾಪತ್ರಯ. ಬಂದವರ ಜೊತೆ ಅವನ ವಯಸ್ಸಿನದೇ ಹುಡುಗ ಇದ್ದ. ಝೂ ಪಕ್ಕದಲ್ಲಿದ್ದ ಹಳದಿ ಸ್ಕೂಲ್ ಬಸ್ ಎತ್ತಿಕೊಂಡ. ಪುಟ್ಟ ಕಿತ್ತುಕೊಂಡ, ತಳ್ಳಿದ. ಅಜ್ಜಿ, 'ನೆಂಟ ಕಣೋ, ಕೊಡು ಅವನಿಗೆ' ಅಂದರು. ದೊಡ್ಡವರ ನೋಟ ಇದು. ನಮ್ಮ ಮನೆಗೆ ಬಂದವರು ನಮ್ಮ ಫೋನ್ ಎತ್ತಿಕೊಂಡು ಆಡತೊಡಗಿದರೆ ನಮಗೆ ಹೇಗನ್ನಿಸುತ್ತೆ? ಮರುದಿನದಿಂದ ಮಕ್ಕಳು ಬರುವ ಮುಂಚೆ ಪುಟ್ಟನನ್ನೇ ಕೇಳಿದರು: 'ಯಾವುದನ್ನ ಯಾರಿಗೂ ಕೊಡೋಕೆ ಇಷ್ಟ ಇಲ್ಲ?' ಬಸ್ ಬೀರುವಿಗೆ ಹೋಯಿತು. ಹೊರಗೆ ಉಳಿದದ್ದು ಬ್ಲಾಕ್‌ಗಳು, ಬಣ್ಣದ ಪೆನ್ಸಿಲ್, ಎಲ್ಲರಿಗೂ ಸಾಕಾಗುವಂಥವು. ಜಗಳ ನಿಂತೇ ಹೋಯಿತು ಅಂತಲ್ಲ. ಹೊಡೆದಾಟ ಮಾತ್ರ ಇರಲಿಲ್ಲ.

ಆಯುಧ ಪೂಜೆ ಎಲ್ಲದಕ್ಕಿಂತ ಕಷ್ಟದ ದಿನ. ಬೆಳಿಗ್ಗೆ ಐದಕ್ಕೇ ಎದ್ದಿದ್ದ. ಗಾಡಿ ತೊಳೆಯೋದು, ಹೂವು, ಕುಂಬಳಕಾಯಿ ಒಡೆಯೋದು. ಮಧ್ಯಾಹ್ನ ನಿದ್ದೆ ಇಲ್ಲ. ಸಂಜೆ ಮನೆ ತುಂಬಾ ಜನ. ಆರೂವರೆಗೆ ಪುಟ್ಟ ಕಣ್ಣುಜ್ಜತೊಡಗಿದ, ದನಿ ಏರಿತು. ಅಪ್ಪ ಅದನ್ನ ನೋಡಿದರು. ಇಂಥ ಹೊತ್ತಲ್ಲಿ ಯಾವ ಅಭ್ಯಾಸವೂ ಕೈ ಹಿಡಿಯೋದಿಲ್ಲ, ಮಗುವನ್ನು ಅಲ್ಲಿಂದ ಕರೆದುಕೊಂಡು ಹೋಗಬೇಕು ಅಷ್ಟೇ. ಗಲಾಟೆ ಆಗುವ ಮುಂಚೆಯೇ ಮಹಡಿಗೆ ಎತ್ತಿಕೊಂಡು ಹೋದರು. ಆರತಿ ಹೊತ್ತಿಗೆ ಇಳಿದು ಬಂದರು, ಆಮೇಲೆ ಹಾಸಿಗೆ. ಅವತ್ತು ಪುಟ್ಟ ಬಾಗಿಲು ತೆಗೆಯಲಿಲ್ಲ, ಉಸ್ಲಿ ಹಂಚಲಿಲ್ಲ. ಯಾರೂ ಕೇಳಲೂ ಇಲ್ಲ.

ಆಮೇಲೆ

ಇದೇ ಕ್ರಮ ಎಲ್ಲ ಮಕ್ಕಳಿಗೂ ಆಗುತ್ತೆ ಅಂದುಕೊಳ್ಳಬೇಡಿ. ಪುಟ್ಟ ಜನ ಕಂಡರೆ ಉಬ್ಬುವ ಹುಡುಗ. ಜನ ಕಂಡರೆ ಅಮ್ಮನ ಹಿಂದೆ ಅಡಗುವ ಮಕ್ಕಳೂ ಇದ್ದಾರೆ. ಮಕ್ಕಳ ಹುಟ್ಟುಗುಣದ ಬಗ್ಗೆ 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಅಧ್ಯಯನ ಶುರು ಮಾಡಿದ ಥಾಮಸ್ ಮತ್ತು ಚೆಸ್ ದಂಪತಿ, ನಿಧಾನವಾಗಿ ಹೊಂದಿಕೊಳ್ಳುವ ಮಕ್ಕಳದು ಬೇರೆಯೇ ಗುಂಪು ಅಂತ ಗುರುತಿಸಿದ್ದರು. ಅಂಥ ಮಗುವನ್ನು ಬಾಗಿಲಿಗೆ ನಿಲ್ಲಿಸಿದರೆ ಹಿಂಸೆ. ಅಡಿಗೆಮನೆಯಲ್ಲಿ ದೊನ್ನೆ ಜೋಡಿಸುವ ಕೆಲಸ ಕೊಡಿ, ಹೊರಗೆ ಬರಬೇಕು ಅನ್ನಿಸಿದಾಗ ಬರಲಿ.

ಪುಟ್ಟನಲ್ಲಿ ಎಲ್ಲವೂ ಬದಲಾಗಿಲ್ಲ. ಹೆಸರು ಕೇಳಿದರೆ ಈಗಲೂ ಒಮ್ಮೊಮ್ಮೆ 'ಹಂದಿ' ಅನ್ನುತ್ತಾನೆ. ಯಾರೂ ನಗದಿದ್ದರೆ ಸರಿಯಾದ ಹೆಸರು ಹೇಳುತ್ತಾನೆ. ಬ್ಯಾಗಿಗೆ ಕೈ ಹಾಕೋದು ನಿಂತಿದೆ, 'ಏನ್ ತಂದಿದೀರಾ' ನಿಂತಿಲ್ಲ. ಕೈ ಗುರುತು ಗಟ್ಟಿಯಾಗಿದೆ. ಶಾಲೆಯಲ್ಲಿ ನನ್ನ ಮುಂಗೈ ಮೇಲೂ ಇಡುತ್ತಾನೆ. ಮೊಬೈಲ್ ವಿಷಯದಲ್ಲಿ ಅಜ್ಜಿಯದೇ ತೊಂದರೆ. ಅಪ್ಪ ಅಮ್ಮ ಇಲ್ಲದ ಹೊತ್ತಿಗೆ ನೆಂಟರು ಬಂದರೆ ಇನ್ನೂ ಕೊಟ್ಟುಬಿಡುತ್ತಾರೆ. ಮಂಡಿ ನೋವಿನ ಮುದುಕಿ ಅವನ ಹಿಂದೆ ಓಡೋದು ಹೇಗೆ, ಆ ಮಾತೂ ನಿಜ.

ಸಂಕ್ರಾಂತಿಗೆ ಅವರೇ ನೆಂಟರಾಗಿ ಹೊರಟರು, ಎಳ್ಳು ಬೀರಲು. ಇನ್ನೊಬ್ಬರ ಮನೆಯಲ್ಲಿ ಹೇಗಿರಬೇಕು ಅನ್ನೋದು ಹೊಸ ಪಾಠ. ಮುಂಚೆಯೇ ಆಟ ಆಡಿ ನೋಡಿದ್ದರು. ಮೊದಲ ಮನೆಯಲ್ಲಿ ಎಳ್ಳಿನ ಪೊಟ್ಟಣ ಕೊಟ್ಟು, ಸಕ್ಕರೆ ಅಚ್ಚು ಬಾಯಿಗೆ ಹಾಕಿಕೊಂಡು ಕೂತಿದ್ದ. ಎರಡನೆಯದರಲ್ಲಿ ಅವರ ಅಕ್ವೇರಿಯಂ ಮುಂದೆ. ಮೂರನೇ ಮನೆಗೆ ಹೋಗುವಾಗಲೇ ಕತ್ತಲಾಗಿತ್ತು, ಅಲ್ಲಿ ಅಳು, ಉರುಳಾಟ, ಎಲ್ಲವೂ ಆಯಿತು. ಎಳ್ಳು ಕೊಟ್ಟು ಹತ್ತೇ ನಿಮಿಷಕ್ಕೆ ಎದ್ದು ಬಂದರಂತೆ. ಮುಂದಿನ ವರ್ಷ ಒಂದು ಸಂಜೆಗೆ ಎರಡೇ ಮನೆ, ಉಳಿದವರಿಗೆ ಮರುದಿನ ಅಂತ ಅಮ್ಮ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾರೆ.